ಸೆರೆಮನೆಯಿಂದ ತಿರಿಗಿ ಬರುವವನು



ಊರಿನವನೊಬ್ಬನನ್ನು ಪೊಲೀಸರು ಹಿಡಿದುಕೊಂಡು ಹೋದರೆಂಬ ಸುದ್ದಿ ಹಬ್ಬಿದಾಗ ನಾವು ಸಾಧಾರಣವಾಗಿ ಏನು ಹೇಳುತ್ತೇವೆ? "ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆಯನ್ನು ಹೇಳಿ ನಮ್ಮ ನಮ್ಮ ಕೆಲಸಕ್ಕೆ ಹೊರಟುಹೋಗುತ್ತೇವೆ. ಕದ್ದವನು, ಹೊಡೆದವನು, ಮೋಸಮಾಡಿದವನು ಗೋಡೆಯ ಆಚೆಗೆ ಹೋದನೆಂದರೆ ನಮ್ಮ ಪಾಲಿಗೆ ಅವನ ಕಥೆ ಮುಗಿದ ಹಾಗೆಯೇ. ಆದರೆ ನಿಜವಾಗಿ ಆ ಕಥೆ ಮುಗಿಯಲಿಲ್ಲ. ಯಾಕಂದರೆ ಗಲ್ಲಿಗೆ ಹೋಗುವ ಕೆಲವರನ್ನೂ ಸೆರೆಯಲ್ಲಿಯೇ ಸಾಯುವ ಕೆಲವರನ್ನೂ ಬಿಟ್ಟರೆ, ಒಳಗೆ ಹೋದವರು ಒಂದಾನೊಂದು ದಿನ ಹೊರಗೆ ಬರುತ್ತಾರೆ. ಅದೇ ಕೆರೆಯ ಏರಿಯ ಮೇಲೆ ನಡೆದು, ಅದೇ ಓಣಿಯನ್ನು ಹೊಕ್ಕು, ಅದೇ ಬಾಗಿಲನ್ನು ತಟ್ಟುತ್ತಾರೆ. ಹೀಗಿರಲಾಗಿ ಗೋಡೆಯ ಒಳಗೆ ಅವರಿಗೆ ಏನಾಗುತ್ತದೆಂಬದು ಸರಕಾರದ ಚಿಂತೆ ಮಾತ್ರವಲ್ಲ, ನಮ್ಮ ಊರಿನ ಚಿಂತೆಯೂ ಆಗಿದೆ.

ಶಿಕ್ಷೆಯೇ ಬೇಡವೆಂದು ನಾವು ಹೇಳುವದಿಲ್ಲ. ಎತ್ತನ್ನು ಕಳಕೊಂಡ ಒಕ್ಕಲಿಗನ ನಷ್ಟವನ್ನೂ, ಏಟು ತಿಂದ ವಿಧವೆಯ ನೋವನ್ನೂ ಮರೆತು, ತಪ್ಪುಮಾಡಿದವನಿಗೋಸ್ಕರ ಮಾತ್ರ ಮರುಗುವದು ನ್ಯಾಯವಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು: ಎಂಥಾ ಶಿಕ್ಷೆಯು ಮನುಷ್ಯನನ್ನು ತಿದ್ದುತ್ತದೆ, ಎಂಥಾದ್ದು ಅವನನ್ನು ಮುರಿದುಹಾಕುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವದಕ್ಕಾಗಿ ಅಮೇರಿಕ ದೇಶದ ಫಿಲಡೆಲ್ಫಿಯ ಪಟ್ಟಣದಲ್ಲಿ ದೇವಭಯವುಳ್ಳ ಜನರ ಪ್ರಯತ್ನದಿಂದ ಎದ್ದ ಒಂದು ಸೆರೆಮನೆಯ ವೃತ್ತಾಂತವನ್ನು ಈ ಪಾಠದಲ್ಲಿ ವಿಚಾರಿಸೋಣ. ಅವರ ಉದ್ದೇಶವು ಬಹಳ ಒಳ್ಳೇದಾಗಿತ್ತು. ಫಲವು ಹಾಗಿರಲಿಲ್ಲ. ಆ ಸೆರೆಮನೆಯು ಯಾಕೆ ಬೇಕೆನಿಸಿತೆಂದು ತಿಳಿಯಬೇಕಾದರೆ ಅದಕ್ಕೆ ಮುಂಚಿನ ಕಾಲದ ಸ್ಥಿತಿಯನ್ನು ಮೊದಲು ನೋಡತಕ್ಕದ್ದು.

೧. ಹಿಂದಿನ ಕಾಲದ ಸೆರೆಮನೆಗಳು

ಇಂಗ್ಲೆಂಡಿನಲ್ಲಿ ಜಾನ್ ಹೌವರ್ಡ್ ಎಂಬವನು ೧೭೨೬ನೇ ಇಸವಿಯಲ್ಲಿ ಹುಟ್ಟಿದನು. ಯೌವನದಲ್ಲಿ ಅವನು ಸಮುದ್ರಪ್ರಯಾಣ ಮಾಡುತ್ತಿದ್ದಾಗ ಫ್ರೆಂಚರು ಆ ಹಡಗನ್ನು ಹಿಡಿದು ಅವನನ್ನು ಸೆರೆಯಲ್ಲಿಟ್ಟರು. ಹಸಿವೆಯೂ ಬಾಯಾರಿಕೆಯೂ ಏನೆಂಬದನ್ನು ಅವನು ಅಲ್ಲಿ ಸ್ವಂತ ಮೈಯಿಂದ ಕಲಿತನು. ಬಹಳ ವರುಷಗಳಾದ ಮೇಲೆ, ೧೭೭೩ರಲ್ಲಿ, ಅವನು ಬೆಡ್‌ಫರ್ಡ್ ಸೀಮೆಯ ಷೆರೀಫನಾಗಿ ನೇಮಿಸಲ್ಪಟ್ಟನು. ಆ ಉದ್ಯೋಗದವರು ಸೆರೆಮನೆಯ ಕೆಲಸವನ್ನು ಕೆಳಗಿನವರಿಗೆ ಒಪ್ಪಿಸಿ ಸುಮ್ಮನಿರುವದು ವಾಡಿಕೆಯಾಗಿತ್ತು. ಹೌವರ್ಡನಾದರೋ ತಾನೇ ಒಳಗೆ ಹೋಗಿ ನೋಡಿದನು.

ಅಲ್ಲಿ ಅವನು ಕಂಡದ್ದೇನು? ಕೆಲವರ ವಿಚಾರಣೆ ಮುಗಿದು, ನಿರಪರಾಧಿಗಳೆಂದು ತೀರ್ಪಾಗಿದ್ದರೂ ಅವರು ಇನ್ನೂ ಸೆರೆಯಲ್ಲಿದ್ದರು. ಕಾರಣವೇನಂದರೆ, ಸೆರೆಮನೆಯ ಕಾವಲುಗಾರನಿಗೆ ಸರಕಾರದಿಂದ ಸಂಬಳವಿರಲಿಲ್ಲ. ಕೈದಿಗಳು ಕೊಡುವ ಹಣವೇ ಅವನ ಜೀವನವಾಗಿತ್ತು. ಆ ಹಣವನ್ನು ತೆರಲಾರದ ಬಡವನು ನಿರಪರಾಧಿಯಾದರೂ ಬೀಗದೊಳಗೇ ಉಳಿಯಬೇಕಾಯಿತು. ಕಾವಲುಗಾರನಿಗೆ ಸಂಬಳ ಕೊಡಿರೆಂದು ಹೌವರ್ಡನು ನ್ಯಾಯಾಧಿಪತಿಗಳನ್ನು ಕೇಳಿಕೊಂಡಾಗ ಅವರು, ಬೇರೆ ಸೀಮೆಯಲ್ಲಿ ಹೀಗೆ ನಡೆದ ಉದಾಹರಣೆಯನ್ನು ತೋರಿಸು, ಅಂದರು. ಅವನು ಕುದುರೆಯನ್ನೇರಿ ನೆರೆಯ ಸೀಮೆಗಳಿಗೆ ಹೋದನು. ಅಂಥಾ ಉದಾಹರಣೆ ಸಿಕ್ಕಲಿಲ್ಲ. ಅದೇ ಅನ್ಯಾಯವು ಎಲ್ಲೆಲ್ಲಿಯೂ ಸಿಕ್ಕಿತು. ಮರುವರುಷವೇ, ಅಂದರೆ ೧೭೭೪ರಲ್ಲಿ, ಪಾರ್ಲಿಮೆಂಟು ಬಿಡುಗಡೆಯಾದವರಿಂದ ಹಣ ಕೇಳಬಾರದೆಂದೂ, ಸೆರೆಮನೆಗಳನ್ನು ಶುಚಿಯಾಗಿಡಬೇಕೆಂದೂ ಎರಡು ಕಾಯಿದೆಗಳನ್ನು ಮಾಡಿತು. ೧೭೭೭ರಲ್ಲಿ ಅವನು ತಾನು ಕಂಡದ್ದನ್ನೆಲ್ಲಾ ಒಂದು ಪುಸ್ತಕವಾಗಿ ಪ್ರಕಟಿಸಿದನು. ಸೆರೆಮನೆಯ ನಾತವು ಅವನ ಬಟ್ಟೆಗೆ ಎಷ್ಟು ಹತ್ತಿಕೊಳ್ಳುತ್ತಿತ್ತೆಂದರೆ ಮುಚ್ಚಿದ ಬಂಡಿಯಲ್ಲಿ ಕೂತುಕೊಳ್ಳಲಾರದೆ ಕುದುರೆಯ ಮೇಲೆಯೇ ಪ್ರಯಾಣ ಮಾಡುತ್ತಿದ್ದನು.

ಆ ಕಾಲದಲ್ಲಿ ಸೆರೆಮನೆ ಜ್ವರವೆಂಬ ಭಯಂಕರ ರೋಗವಿತ್ತು. ನೇಣಿನಿಂದ ಸತ್ತವರಿಗಿಂತ ಈ ಜ್ವರದಿಂದ ಸತ್ತವರೇ ಹೆಚ್ಚೆಂದು ಹೌವರ್ಡನು ನಂಬಿದ್ದನು. ಆ ಜ್ವರವು ಗೋಡೆಯ ಒಳಗೆ ನಿಲ್ಲಲಿಲ್ಲ. ೧೭೫೦ರಲ್ಲಿ ಲಂಡನಿನ ಓಲ್ಡ್ ಬೇಯ್ಲಿ ಎಂಬ ನ್ಯಾಯಸ್ಥಾನಕ್ಕೆ ವಿಚಾರಣೆಗಾಗಿ ಕೈದಿಗಳನ್ನು ತಂದಾಗ ರೋಗವೂ ಅವರ ಸಂಗಡ ಬಂತು. ಆ ಪಟ್ಟಣದ ಮೇಯರನೂ ಇಬ್ಬರು ನ್ಯಾಯಾಧಿಪತಿಗಳೂ ಪಂಚಾಯಿತರೂ ಸೇರಿ ಐವತ್ತರಷ್ಟು ಮಂದಿ ಸತ್ತರು. ತೀರ್ಪು ಹೇಳಲು ಕೂತವರೇ ಸೆರೆಮನೆಯ ಕೊಳೆಯಿಂದ ಸತ್ತರೆಂಬದನ್ನು ಗಮನಿಸಿರಿ. ಬಟ್ಟೆಯಲ್ಲಿ ಸೇರುವ ಹೇನಿನಿಂದ ಈ ರೋಗ ಹರಡುವದೆಂಬದು ೧೯೦೯ರಲ್ಲಿ ಶಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯನ ಶೋಧನೆಯಿಂದ ತಿಳಿದುಬಂತು. ಹೌವರ್ಡನು ೧೭೯೦ರಲ್ಲಿ ರೋಗಿಗಳ ಸೇವೆಯಲ್ಲಿದ್ದಾಗ ಸ್ವದೇಶದಿಂದ ಬಹುದೂರವಾದ ಖೆರ್ಸೋನ್ ಎಂಬ ಊರಿನಲ್ಲಿ ಜ್ವರದಿಂದಲೇ ಮರಣಹೊಂದಿದನು.

ಇದರಿಂದ ನಾವು ಕಲಿಯತಕ್ಕ ಮೊದಲನೆಯ ಸಂಗತಿ ಇದು: ಸೆರೆಮನೆಯಲ್ಲಿ ಹುಟ್ಟಿದ್ದು ಸೆರೆಮನೆಯಲ್ಲೇ ಉಳಿಯುವದಿಲ್ಲ. ಅದು ರೋಗವಾಗಲಿ, ಹಗೆಯಾಗಲಿ, ಹೊರಗೆ ಬಂದೇ ಬರುತ್ತದೆ.

೨. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಯೋಚನೆ

ಹೌವರ್ಡನ ಬರಹಗಳು ಸಮುದ್ರವನ್ನು ದಾಟಿ ಅಮೇರಿಕಕ್ಕೂ ಮುಟ್ಟಿದವು. ಫಿಲಡೆಲ್ಫಿಯದಲ್ಲಿ ಕ್ವೇಕರ್ ಎಂಬ ಸಂಘದವರೂ ಬೇರೆ ಸಭೆಗಳವರೂ ಕೂಡಿ ೧೭೮೭ರಲ್ಲಿ ಸೆರೆಮನೆಗಳ ಸಂಕಟಗಳನ್ನು ಶಮನಮಾಡುವ ಸಂಘವೊಂದನ್ನು ಸ್ಥಾಪಿಸಿದರು. ಅವರ ಕಾಲದ ಸೆರೆಗಳಲ್ಲಿ ಗಂಡಸರು, ಹೆಂಗಸರು, ಹುಡುಗರು, ಮುದುಕರು, ಮೊದಲನೆಯ ಸಾರಿ ತಪ್ಪಿದವರು, ಕಳವನ್ನೇ ಕಸುಬು ಮಾಡಿಕೊಂಡವರು ಎಲ್ಲರೂ ಒಂದೇ ದೊಡ್ಡಿಯಲ್ಲಿ ದನಗಳ ಹಾಗೆ ತುಂಬಿದ್ದರು. ಎಳೆಯರಿಗೆ ಹಳೆಯ ಕಳ್ಳರೇ ಗುರುಗಳಾಗಿದ್ದರು. ಇದನ್ನು ನೋಡಿ ಆ ಸಂಘದವರು ಹೀಗೆ ಯೋಚಿಸಿದರು: ಕೆಟ್ಟ ಸಹವಾಸವೇ ಮನುಷ್ಯನನ್ನು ಕೆಡಿಸುವದಾದರೆ ಸಹವಾಸವನ್ನೇ ತೆಗೆದುಬಿಡೋಣ. ಪ್ರತಿಯೊಬ್ಬನಿಗೆ ಒಂದೊಂದು ಕೋಣೆ, ಕೈಗೆ ಕೆಲಸ, ಓದಲಿಕ್ಕೆ ಸತ್ಯವೇದ ಇಷ್ಟನ್ನು ಕೊಟ್ಟು ಮೌನದಲ್ಲಿ ಇಟ್ಟರೆ ಅವನು ತನ್ನ ಮನಸ್ಸಾಕ್ಷಿಯ ಮಾತನ್ನು ಕೇಳಿ, ಪಶ್ಚಾತ್ತಾಪಪಟ್ಟು, ಹೊಸ ಮನುಷ್ಯನಾಗಿ ಹೊರಗೆ ಬರುವನು. ಆದದರಿಂದಲೇ ಇಂಥಾ ಸೆರೆಮನೆಗೆ ಪಶ್ಚಾತ್ತಾಪದ ಮನೆ ಎಂಬರ್ಥವುಳ್ಳ ಹೆಸರು ಬಂತು. ಚಾವಟಿ, ಕಿವಿ ಕತ್ತರಿಸುವದು, ನೇಣು ಇವುಗಳಿಗಿಂತ ಇದು ಎಷ್ಟೋ ದಯವುಳ್ಳದ್ದೆಂದು ಅವರು ಸತ್ಯವಾಗಿ ನಂಬಿದ್ದರು.

ಈ ಯೋಚನೆಯ ಪ್ರಕಾರ ಜಾನ್ ಹ್ಯಾವಿಲಂಡ್ ಎಂಬ ಶಿಲ್ಪಿಯು ಫಿಲಡೆಲ್ಫಿಯದಲ್ಲಿ ಕಟ್ಟಿದ ದೊಡ್ಡ ಸೆರೆಮನೆಯು ೧೮೨೯ನೇ ಅಕ್ಟೋಬರ್ ೨೫ರಂದು ತೆರೆಯಿತು. ಅದರ ಸುತ್ತಲೂ ಮೂವತ್ತು ಅಡಿ ಎತ್ತರದ ಗೋಡೆ. ಬಂಡಿಯ ಗಾಲಿಯ ನಡುವಿನಿಂದ ಅರಗಳು ಹೊರಟಿರುವಂತೆ ಮಧ್ಯದ ಒಂದು ಸ್ಥಳದಿಂದ ಏಳು ಸಾಲುಗಳು ಹೊರಟಿದ್ದವು. ನಡುವೆ ನಿಂತ ಕಾವಲುಗಾರನು ಎಲ್ಲಾ ಸಾಲುಗಳನ್ನೂ ನೋಡಬಹುದಾಗಿತ್ತು. ಪ್ರತಿಯೊಂದು ಕೋಣೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಕೆಳಗಿನ ಸಾಲುಗಳ ಕೋಣೆಗಳಿಗೆ ಹಿಂದುಗಡೆಯಲ್ಲಿ ಎತ್ತರವಾದ ಗೋಡೆಯುಳ್ಳ ಒಂದು ಚಿಕ್ಕ ಅಂಗಳ. ದಿನಕ್ಕೆ ಒಂದು ತಾಸು ಆ ಅಂಗಳದಲ್ಲಿ ಒಂಟಿಯಾಗಿ ತಿರುಗಾಡಬಹುದು. ಪಕ್ಕದ ಅಂಗಳದಲ್ಲಿ ಅದೇ ಹೊತ್ತಿನಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ, ಯಾಕಂದರೆ ಗೋಡೆಯ ಮೇಲಿಂದ ಒಂದು ಮಾತಾದರೂ ದಾಟೀತೆಂಬ ಭಯವಿತ್ತು.

ಅಲ್ಲಿಗೆ ತರಲ್ಪಟ್ಟ ಮೊದಲನೆಯ ಕೈದಿಯು ಹದಿನೆಂಟು ವರುಷದ ಒಬ್ಬ ಕಪ್ಪು ಜನಾಂಗದ ಹುಡುಗನು. ವ್ಯವಸಾಯದ ಕೆಲಸದವನು, ಓದಲು ಬಲ್ಲವನು. ಒಂದು ಗಡಿಯಾರವನ್ನೂ ಒಂದು ಚಿನ್ನದ ಮುದ್ರೆಯನ್ನೂ ಒಂದು ಚಿನ್ನದ ಬೀಗದಕೈಯನ್ನೂ ಕದ್ದದ್ದಕ್ಕಾಗಿ ಅವನಿಗೆ ಎರಡು ವರುಷದ ಶಿಕ್ಷೆಯಾಗಿತ್ತು. ಇಲ್ಲಿಗೆ ಬಂದವನ ತಲೆಗೆ ಮುಸುಕನ್ನು ಹಾಕಿ ಕೋಣೆಗೆ ನಡಿಸುತ್ತಿದ್ದರು. ಆ ಮೇಲೆ ಅವನ ಹೆಸರು ಹೋಗಿ ಒಂದು ಅಂಕೆ ಮಾತ್ರ ಉಳಿಯಿತು. ತಾಯಿತಂದೆಗಳ ಭೇಟಿಯಿಲ್ಲ, ಹೆಂಡತಿಮಕ್ಕಳ ಕಾಗದವಿಲ್ಲ. ಮೇಲಧಿಕಾರಿ, ಉಪದೇಶಕ, ಸಂಘದ ಕೆಲವು ಮಂದಿ ಇವರ ಹೊರತು ಅವನು ಮನುಷ್ಯನ ಮುಖವನ್ನೇ ನೋಡುವದಿಲ್ಲ. ಮಗ್ಗದಲ್ಲಿ ನೆಯ್ಯುವದು ಅಥವಾ ಜೋಡು ಹೊಲಿಯುವದು ಅವನ ಕೆಲಸ.

ಈ ಮನೆಯನ್ನು ನೋಡಲು ದೇಶದೇಶಗಳಿಂದ ದೊಡ್ಡ ಮನುಷ್ಯರು ಬಂದರು. ಲೋಕದಲ್ಲಿ ಸುಮಾರು ಮುನ್ನೂರು ಸೆರೆಮನೆಗಳು ಇದರ ಮಾದರಿಯಂತೆ ಕಟ್ಟಲ್ಪಟ್ಟವು.

೩. ಆ ಯೋಚನೆಯು ಕೊಟ್ಟ ಫಲ

ಬೀಜವು ಒಳ್ಳೇದೆಂದು ಬಿತ್ತಿದವರು ಹೇಳಬಹುದು. ಆದರೆ ಬೆಳೆಯನ್ನು ನೋಡಿಯೇ ಮಾತಾಡತಕ್ಕದ್ದು.

ಫಿಲಡೆಲ್ಫಿಯದ ಮನೆ ತೆರೆಯುವದಕ್ಕೆ ಮುಂಚೆಯೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. ನ್ಯೂಯಾರ್ಕ್ ಸಂಸ್ಥಾನದ ಆಬರ್ನ್ ಎಂಬಲ್ಲಿ ೧೮೨೧ರ ಕೊನೆಯಲ್ಲಿ ಎಂಭತ್ತು ಮಂದಿ ಕೈದಿಗಳನ್ನು ಕೆಲಸವನ್ನೂ ಕೊಡದೆ ಪೂರ್ಣ ಏಕಾಂತದಲ್ಲಿಟ್ಟರು. ಒಂದು ವರುಷದೊಳಗೆ ಐದು ಮಂದಿ ಸತ್ತರು, ಒಬ್ಬನಿಗೆ ಬುದ್ಧಿಭ್ರಮಣೆಯಾಯಿತು. ಉಳಿದವರು ಸೊರಗಿಹೋದದ್ದನ್ನು ಕಂಡು ಗವರ್ನರನು ಇಪ್ಪತ್ತಾರು ಮಂದಿಯನ್ನು ಕ್ಷಮಿಸಿ ಬಿಟ್ಟುಬಿಟ್ಟನು. ಅವರಲ್ಲಿ ಹದಿನಾಲ್ಕು ಮಂದಿ ಹೊಸ ತಪ್ಪುಗಳನ್ನು ಮಾಡಿ ಸ್ವಲ್ಪ ಕಾಲದಲ್ಲೇ ತಿರಿಗಿ ಸೆರೆಗೆ ಬಂದರು. ಶಿಕ್ಷೆಯು ಘೋರವಾಗಿತ್ತು, ಆದರೂ ತಿದ್ದುವಿಕೆಯಾಗಲಿಲ್ಲ. ಇವೆರಡೂ ಒಂದೇ ಅಲ್ಲವೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ?

ಫಿಲಡೆಲ್ಫಿಯದಲ್ಲಿ ಕೈಕೆಲಸವಿದ್ದದರಿಂದ ಸ್ಥಿತಿಯು ಅಷ್ಟು ಕೆಟ್ಟದ್ದಾಗಿರಲಿಲ್ಲ. ೧೮೩೧ರಲ್ಲಿ ತೋಕ್‌ವಿಲ್ ಮತ್ತು ಬೋಮೋಂ ಎಂಬ ಇಬ್ಬರು ಫ್ರೆಂಚರು ಕೋಣೆಕೋಣೆಗೂ ಹೋಗಿ ಕೈದಿಗಳ ಸಂಗಡ ಮಾತಾಡಿದರು. ಕೆಲಸವಿಲ್ಲದಿದ್ದರೆ ಬದುಕಲಾರೆವೆಂದು ಅನೇಕರು ಅವರಿಗೆ ಹೇಳಿದರು. ಕೆಲಸವು ಅವರಿಗೆ ಶಿಕ್ಷೆಯಾಗಿರಲಿಲ್ಲ, ಜೀವದ ಆಸರೆಯಾಗಿತ್ತು. ಒಬ್ಬನು ತನ್ನ ಅಂಗಳಕ್ಕೆ ಬೇಸಗೆಯಲ್ಲಿ ಬರುವ ಒಂದು ಮಿಡತೆಯು ತನಗೆ ಸಂಗಾತಿಯಂತೆ ತೋರುವದೆಂದೂ, ಒಳಗೆ ಹಾರಿಬಂದ ಚಿಟ್ಟೆಗೆ ತಾನು ಎಂದೂ ಕೇಡುಮಾಡುವದಿಲ್ಲವೆಂದೂ ಹೇಳಿದನು. ಆ ಮಾತಿನ ಹಿಂದೆ ಎಷ್ಟು ಹಸಿವೆಯಿದೆಯೆಂದು ಯೋಚಿಸಿರಿ! ಅನ್ನವನ್ನು ಕೊಟ್ಟರು, ಬಟ್ಟೆಯನ್ನು ಕೊಟ್ಟರು, ಪುಸ್ತಕವನ್ನು ಕೊಟ್ಟರು. ಮನುಷ್ಯನ ದನಿಯೊಂದನ್ನು ಕೊಡಲಿಲ್ಲ. ಕೈದಿಗಳು ಗೋಡೆಯೊಳಗಿನ ಕೊಳವೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಪಕ್ಕದವನ ಸಂಗಡ ಮಾತಾಡಲು ಯತ್ನಿಸುತ್ತಿದ್ದರು. ಹೀಗೆ ಮೌನದ ನೇಮವನ್ನು ಮುರಿದ ಒಬ್ಬನ ಬಾಯಿಗೆ ೧೮೩೩ರಲ್ಲಿ ಕಬ್ಬಿಣದ ಕಡಿವಾಣವನ್ನು ಬಿಗಿದರು, ಅವನು ಸತ್ತುಹೋದನು. ದಯೆಯಿಂದ ಆರಂಭಿಸಿದ ಕೆಲಸವು ನಾಲ್ಕೇ ವರುಷಗಳಲ್ಲಿ ಅಲ್ಲಿಗೆ ಮುಟ್ಟಿತು.

೧೮೪೨ರಲ್ಲಿ ಇಂಗ್ಲಿಷ್ ಗ್ರಂಥಕರ್ತನಾದ ಚಾರ್ಲ್ಸ್ ಡಿಕನ್ಸನು ಆ ಮನೆಯನ್ನು ನೋಡಿದನು. ಒಬ್ಬ ಕೈದಿಯು ನೂಲಿನಿಂದ ಬಣ್ಣ ತೆಗೆದು ತನ್ನ ಗೋಡೆಗಳ ಮೇಲೆಲ್ಲಾ ಚಿತ್ರ ಬರೆದುಕೊಂಡಿದ್ದನ್ನು ಕಂಡು ಅವನ ಹೃದಯವು ಕರಗಿತು. ಇದನ್ನು ಏರ್ಪಡಿಸಿದವರು ದಯಾಳುಗಳೆಂಬದನ್ನು ಅವನು ಒಪ್ಪಿಕೊಂಡನು. ಆದರೆ ತಾವು ಮಾಡುವದು ಏನೆಂದು ಅವರಿಗೆ ತಿಳಿಯದೆಂದು ಬರೆದನು. ಮೈಮೇಲಿನ ಗಾಯವು ಕಣ್ಣಿಗೆ ಬಿದ್ದು ನೋಡುವವನು ಮರುಗುತ್ತಾನೆ. ಮನಸ್ಸಿನ ಗಾಯವು ಯಾರ ಕಣ್ಣಿಗೂ ಬೀಳದು, ಆದದರಿಂದಲೇ ಅದು ಹೆಚ್ಚು ಕ್ರೂರವಾದದ್ದು ಎಂಬದು ಅವನ ವಾದದ ಸಾರವಾಗಿತ್ತು.

ಅದೇ ವರುಷ ಲಂಡನಿನಲ್ಲಿ ಪೆಂಟನ್‌ವಿಲ್ ಎಂಬ ಸೆರೆಮನೆಯು ಫಿಲಡೆಲ್ಫಿಯದ ರೀತಿಯಲ್ಲಿ ತೆರೆಯಿತು. ಅಲ್ಲಿ ದೇವಾರಾಧನೆಯ ಸ್ಥಳದಲ್ಲಿಯೂ ಒಬ್ಬೊಬ್ಬನಿಗೆ ಒಂದೊಂದು ಮರದ ಗೂಡು. ಪಕ್ಕದವನು ಕಾಣದಂತೆ ನಡುವೆ ಹಲಿಗೆ. ಆರಂಭದಲ್ಲಿ ಹದಿನೆಂಟು ತಿಂಗಳು ಹೀಗೆ ಇಡುತ್ತಿದ್ದರು. ಅಲ್ಲಿಂದ ದ್ವೀಪಾಂತರಕ್ಕೆ ಹಡಗು ಹತ್ತಿದವರಲ್ಲಿ ಕೆಲವರಿಗೆ ತಟ್ಟನೆ ಜನರ ಮಧ್ಯದಲ್ಲಿ ಬಂದ ಕಾರಣ ಸೆಳವು ಬಂದದ್ದನ್ನು ಹಡಗಿನ ವೈದ್ಯರು ಕಂಡು ಬರೆದರು. ಕ್ರಮೇಣ ಆ ಅವಧಿಯನ್ನು ಒಂಭತ್ತು ತಿಂಗಳಿಗೆ ಇಳಿಸಬೇಕಾಯಿತು. ೧೮೯೦ರಲ್ಲಿ ಅಮೇರಿಕದ ಶ್ರೇಷ್ಠ ನ್ಯಾಯಸ್ಥಾನವು ಮೆಡ್ಲೆ ಎಂಬವನ ಮೊಕದ್ದಮೆಯಲ್ಲಿ ಹಿಂದಿನ ಅನುಭವವನ್ನೆಲ್ಲಾ ಒಟ್ಟುಗೂಡಿಸಿ ನೋಡಿತು. ಏಕಾಂತದಲ್ಲಿಟ್ಟವರಲ್ಲಿ ಅನೇಕರು ಮಂಕಾಗಿಹೋದರು, ಕೆಲವರು ಹುಚ್ಚರಾದರು, ಕೆಲವರು ಜೀವಕಳಕೊಂಡರು. ತಾಳಿಕೊಂಡವರು ಕೂಡ ಸಮಾಜಕ್ಕೆ ಪ್ರಯೋಜನವಾಗುವಷ್ಟು ತಿದ್ದಿಕೊಳ್ಳಲಿಲ್ಲ, ಎಂಬದು ಅದರ ಅಭಿಪ್ರಾಯವಾಗಿತ್ತು. ೧೯೧೩ರಲ್ಲಿ ಫಿಲಡೆಲ್ಫಿಯದವರೇ ಆ ಕ್ರಮವನ್ನು ಕೈಬಿಟ್ಟರು. ೧೯೭೧ರಲ್ಲಿ ಆ ಸೆರೆಮನೆಯು ಮುಚ್ಚಿತು. ಈಗ ಅದು ಜನರು ನೋಡಲು ಹೋಗುವ ಹಳೆಯ ಕಟ್ಟಡವಾಗಿದೆ. ಆದರೆ "ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?" ಎಂಬಂತೆ ಅಲ್ಲಿ ಕೆಟ್ಟುಹೋದ ಮನಸ್ಸುಗಳನ್ನು ತಿರಿಗಿ ಕೊಡುವವರು ಯಾರು?

ಆ ಸಂಘದವರು ಎಲ್ಲಿ ತಪ್ಪಿದರು? ಕೆಟ್ಟ ಸಹವಾಸವು ಕೆಡಿಸುವದೆಂಬ ಮಾತು ನಿಜ. ಅದಕ್ಕೆ ಒಳ್ಳೆಯ ಸಹವಾಸವೇ ಮದ್ದು, ಸಹವಾಸವೇ ಇಲ್ಲದಿರುವದಲ್ಲ. ಅವರು ಸತ್ಯವೇದವನ್ನು ಪ್ರತಿ ಕೋಣೆಯಲ್ಲಿಟ್ಟರು. ಆದರೆ ಆದಿಕಾಂಡದ ಎರಡನೆಯ ಅಧ್ಯಾಯವು, ಮನುಷ್ಯನು ಒಂಟಿಗನಾಗಿ ಬಾಳಲು ಉಂಟುಮಾಡಲ್ಪಟ್ಟವನಲ್ಲವೆಂಬದನ್ನು ಪಾಪವು ಲೋಕಕ್ಕೆ ಬರುವ ಮುಂಚೆಯೇ ತಿಳಿಸುವದನ್ನು ಮರೆತರು. ಜೊತೆಯ ಎತ್ತು ಸತ್ತರೆ ಉಳಿದ ಎತ್ತು ಕೆಲವು ದಿನ ಮೇವನ್ನು ಮುಟ್ಟುವದಿಲ್ಲವೆಂಬದನ್ನು ಒಕ್ಕಲುತನ ಮಾಡುವ ನಾವೆಲ್ಲರೂ ಬಲ್ಲೆವು. ಮನುಷ್ಯನು ಎತ್ತಿಗಿಂತ ಕಡಿಮೆಯವನೋ?

೪. ಬೇರೆ ದಾರಿಯನ್ನು ಹಿಡಿದ ಇಬ್ಬರು

ಫಿಲಡೆಲ್ಫಿಯದವರ ಹಾಗೆಯೇ ಕ್ವೇಕರ್ ಸಂಘದವಳಾದ ಎಲಿಜಬೆತ್ ಫ್ರೈ ಎಂಬ ಅಮ್ಮನವರು ಲಂಡನಿನ ನ್ಯೂಗೇಟ್ ಸೆರೆಮನೆಯನ್ನು ೧೮೧೩ರಲ್ಲಿ ಮೊದಲು ನೋಡಿದರು. ಸುಮಾರು ಮುನ್ನೂರು ಹೆಂಗಸರೂ ಅವರ ಮಕ್ಕಳೂ ಒತ್ತೊತ್ತಾಗಿ ತುಂಬಿ, ಅಲ್ಲಿಯೇ ಅಡಿಗೆಮಾಡಿ, ಅಲ್ಲಿಯೇ ನೆಲದ ಮೇಲೆ ಮಲಗುತ್ತಿದ್ದರು. ಫ್ರೈ ಅಮ್ಮನವರು ಅವರನ್ನು ಬೇರೆಬೇರೆ ಗೂಡುಗಳಲ್ಲಿ ಮುಚ್ಚಲಿಲ್ಲ. ಮೊದಲು ಮಕ್ಕಳಿಗೆ ಶಾಲೆಯನ್ನು ಇಟ್ಟರು. ಕೈದಿಗಳಲ್ಲಿಯೇ ಒಬ್ಬಳನ್ನು ಉಪಾಧ್ಯಾಯಿನಿಯಾಗಿ ಮಾಡಿದರು. ೧೮೧೭ರಲ್ಲಿ ಒಂದು ಸಂಘವನ್ನು ಕೂಡಿಸಿ ಹೆಂಗಸರಿಗೆ ಹೊಲಿಗೆಯನ್ನೂ ಹೆಣಿಗೆಯನ್ನೂ ಕಲಿಸಿದರು. ನಡೆಯ ನೇಮಗಳನ್ನು ಒಂದೊಂದಾಗಿ ಓದಿಹೇಳಿ, ಇದು ನಿಮಗೆ ಸಮ್ಮತವೋ ಎಂದು ಆ ಹೆಂಗಸರನ್ನೇ ಕೇಳಿದರು. ಅವರು ಕೈಯೆತ್ತಿ ಒಪ್ಪಿಕೊಂಡರು. ಯಾರೂ ತಮ್ಮ ಮಾತನ್ನು ಎಂದೂ ಕೇಳದಿದ್ದವರಿಗೆ ಇದು ಎಂಥಾ ಗೌರವ! ಕೆಲವೇ ತಿಂಗಳಲ್ಲಿ ಅಲ್ಲಿಯ ಕೂಗಾಟವು ತಗ್ಗಿತು. ಮರುವರುಷ ಪಾರ್ಲಿಮೆಂಟಿನ ಮಂಡಲಿಯು ಅವರನ್ನು ಕರೆದು ಅವರ ಸಾಕ್ಷಿಯನ್ನು ಕೇಳಿತು.

ಎರಡನೆಯವನು ಅಲೆಕ್ಸಾಂಡರ್ ಮಕೋನಕಿ. ಹೌವರ್ಡನಂತೆ ಇವನೂ ಯೌವನದಲ್ಲಿ ಫ್ರೆಂಚರ ಸೆರೆಯನ್ನು ಅನುಭವಿಸಿದವನು. ೧೮೪೦ರಲ್ಲಿ ಇವನು ಆಸ್ಟ್ರೇಲಿಯದ ಆಚೆಯಲ್ಲಿರುವ ನಾರ್ಫೋಕ್ ದ್ವೀಪದ ಅಧಿಕಾರಿಯಾಗಿ ಬಂದನು. ದ್ವೀಪಾಂತರದಲ್ಲಿಯೂ ಎರಡನೆಯ ಸಾರಿ ತಪ್ಪುಮಾಡಿದವರನ್ನು ಇಡುವ ಸ್ಥಳವದು. ಅದರ ಹೆಸರು ಕೇಳಿದರೆ ಜನರು ನಡುಗುತ್ತಿದ್ದರು. ಮಕೋನಕಿಯು ಶಿಕ್ಷೆಯನ್ನು ಕೇವಲ ವರುಷಗಳಿಂದ ಅಳೆಯದೆ, ದುಡಿತಕ್ಕೂ ಒಳ್ಳೇ ನಡತೆಗೂ ಗುರುತುಗಳನ್ನು ಕೊಟ್ಟು, ಇಷ್ಟು ಗುರುತು ಸಂಪಾದಿಸಿದವನಿಗೆ ಬಿಡುಗಡೆ ಎಂಬ ಕ್ರಮವನ್ನು ತಂದನು. ಕೆಲವು ಕಾಲವಾದ ಮೇಲೆ ಆರಾರು ಮಂದಿಯನ್ನು ಒಂದು ಗುಂಪು ಮಾಡಿ, ಒಬ್ಬನು ತಪ್ಪಿದರೆ ಆರೂ ಮಂದಿಗೆ ನಷ್ಟ, ಒಬ್ಬನು ದುಡಿದರೆ ಆರೂ ಮಂದಿಗೆ ಲಾಭ ಎಂದು ಏರ್ಪಡಿಸಿದನು. ಹೀಗೆ ನೆರೆಯವನ ಭಾರವನ್ನು ಹೊರುವದನ್ನು ಕಲಿಸಿದನು. ತಾನು ಬಂದ ವರುಷವೇ ರಾಣಿಯ ಹುಟ್ಟಿದ ದಿನದಲ್ಲಿ ಸಾವಿರಕ್ಕೂ ಮಿಕ್ಕಿದ ಕೈದಿಗಳ ಬಾಗಿಲುಗಳನ್ನು ತೆರೆದು, ಊಟವನ್ನಿಟ್ಟು, ದ್ವೀಪದಲ್ಲೆಲ್ಲಾ ತಿರುಗಾಡಲು ಬಿಟ್ಟನು. ಸಂಜೆಯ ಕರೆಯಾದಾಗ ಅವರು ಗಲಭೆಯಿಲ್ಲದೆ ತಿರಿಗಿ ಬಂದರು. ಆದರೂ ಅವನು ಕೈದಿಗಳನ್ನು ಮುದ್ದುಮಾಡುತ್ತಾನೆಂದು ದೂರು ಹುಟ್ಟಿ, ೧೮೪೪ರಲ್ಲಿ ಅವನನ್ನು ಅಲ್ಲಿಂದ ತೆಗೆದುಬಿಟ್ಟರು. ಅವನ ಯೋಚನೆಯನ್ನೋ ತೆಗೆಯಲಾಗಲಿಲ್ಲ. ಒಳ್ಳೇ ನಡತೆಯಿಂದ ಶಿಕ್ಷೆಯ ಅವಧಿ ತಗ್ಗುವ ಪದ್ಧತಿಯು ಈಗ ಅನೇಕ ದೇಶಗಳಲ್ಲಿದೆ, ನಮ್ಮ ದೇಶದಲ್ಲಿಯೂ ಉಂಟು.

೫. ನಮ್ಮ ದೇಶದ ಸಂಗತಿ

ಫಿಲಡೆಲ್ಫಿಯದ ನೆರಳು ನಮ್ಮ ದೇಶದ ಮೇಲೆಯೂ ಬಿತ್ತು. ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ೧೮೯೬ರಿಂದ ೧೯೦೬ರ ವರೆಗೆ ಕಟ್ಟಿದ ಸೆಲ್ಯುಲರ್ ಜೈಲಿಗೂ ನಡುವೆ ಒಂದು ಗೋಪುರ, ಅದರಿಂದ ಹೊರಟ ಏಳು ಸಾಲುಗಳು, ಆರುನೂರ ತೊಂಭತ್ತಕ್ಕೂ ಮಿಕ್ಕಿದ ಒಂಟಿ ಕೋಣೆಗಳು ಇದ್ದವು. ಒಂದು ಸಾಲಿನ ಮುಂಭಾಗವು ಮತ್ತೊಂದರ ಬೆನ್ನಿಗೆ ಎದುರಾಗಿದ್ದದರಿಂದ ಒಬ್ಬ ಕೈದಿಯು ಮತ್ತೊಬ್ಬನ ಮುಖವನ್ನು ನೋಡಲಾರನು. ಬೆಂಗಳೂರಿಗೆ ಹೋದವರು ಹಳೆಯ ಸೆಂಟ್ರಲ್ ಜೈಲಿನ ಸ್ಥಳದಲ್ಲಿರುವ ಫ್ರೀಡಂ ಪಾರ್ಕಿನಲ್ಲಿ ನಡುವಿನ ಕಾವಲು ಗೋಪುರವನ್ನು ಇಂದಿಗೂ ನೋಡಬಹುದು.

ನಮ್ಮ ದಂಡ ಸಂಹಿತೆಯಲ್ಲಿ ಏಕಾಂತ ಸೆರೆಯು ೧೮೬೦ರಿಂದಲೂ ಇತ್ತು. ೨೦೨೪ನೇ ಜುಲಾಯಿ ೧ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಂಟು. ಆದರೆ ಒಟ್ಟಿಗೆ ಮೂರು ತಿಂಗಳಿಗೆ ಮೀರಬಾರದು, ಒಂದೇ ಸಾರಿಗೆ ಹದಿನಾಲ್ಕು ದಿನಕ್ಕೆ ಮೀರಬಾರದು ಎಂಬ ಮಿತಿಗಳಿವೆ. ಮರಣದಂಡನೆಯ ತೀರ್ಪು ಅಂತಿಮವಾಗುವ ವರೆಗೆ ಅಂಥವನನ್ನು ಏಕಾಂತದಲ್ಲಿಡಬಾರದೆಂದು ಸುಪ್ರೀಂ ಕೋರ್ಟು ೧೯೭೮ರಲ್ಲಿ ಸುನಿಲ್ ಬಾತ್ರಾ ಎಂಬವನ ಮೊಕದ್ದಮೆಯಲ್ಲಿ ಹೇಳಿತು. ೨೦೧೫ರಲ್ಲಿ ವಿಶ್ವಸಂಸ್ಥೆಯು ಒಪ್ಪಿದ ಮಂಡೇಲಾ ನಿಯಮಗಳು ಹದಿನೈದು ದಿನಕ್ಕಿಂತ ಹೆಚ್ಚು ಕಾಲದ ಏಕಾಂತವನ್ನು ನಿಷೇಧಿಸುತ್ತವೆ.

ಆದರೆ ನಮ್ಮ ಸೆರೆಮನೆಗಳ ದೊಡ್ಡ ಕಷ್ಟವು ಏಕಾಂತವಲ್ಲ, ಇಕ್ಕಟ್ಟು. ೨೦೨೨ನೇ ಡಿಸೆಂಬರ್ ೩೧ರಂದು ನಮ್ಮ ದೇಶದ ಸೆರೆಮನೆಗಳಲ್ಲಿ ೪,೩೬,೨೬೬ ಮಂದಿಗೆ ಸ್ಥಳವಿತ್ತು. ಇದ್ದವರು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ತೀರ್ಪೇ ಆಗಿರಲಿಲ್ಲ! "ಮಾಡಿದ್ದುಣ್ಣೋ ಮಹಾರಾಯ" ಎಂದು ನಾವು ಸಲೀಸಾಗಿ ಹೇಳುವ ಗಾದೆಯು ಇವರಿಗೆ ಸಲ್ಲುವದೋ? ಮಾಡಿದನೋ ಇಲ್ಲವೋ ಎಂದು ಇನ್ನೂ ತಿಳಿಯದವನು ಉಣ್ಣುತ್ತಿರುವದು ಯಾರ ಪಾಲನ್ನು? ಜಾಮೀನು ಸಿಕ್ಕಿಯೂ ಹಣವಾಗಲಿ ಹೊಣೆಗಾರನಾಗಲಿ ಸಿಕ್ಕದೆ ಒಳಗೆ ಉಳಿದ ಬಡವನು, ಹೌವರ್ಡನು ೧೭೭೩ರಲ್ಲಿ ಕಂಡ ಬಡವನ ತಮ್ಮನೇ ಸರಿ.

ಬಿಹಾರದಲ್ಲಿ ವಿಚಾರಣೆಯಿಲ್ಲದೆ, ತಮ್ಮ ತಪ್ಪಿಗೆ ಆಗಬಹುದಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ವರುಷ ಸೆರೆಯಲ್ಲಿ ಕೊಳೆಯುತ್ತಿದ್ದವರ ಸಂಗತಿಯು ೧೯೭೯ರಲ್ಲಿ ಹುಸ್ಸೈನಾ‌ರಾ ಖಾತೂನ್ ಎಂಬವಳ ಹೆಸರಿನ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿಗೆ ಬಂತು. ಬೇಗನೆ ವಿಚಾರಣೆಯಾಗುವದು ಪ್ರತಿಯೊಬ್ಬನ ಹಕ್ಕೆಂದು ಕೋರ್ಟು ಹೇಳಿ ಅನೇಕರನ್ನು ಬಿಡಿಸಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೇ ಕಲಮಿನ ಪ್ರಕಾರ, ಹಿಂದೆ ಎಂದೂ ಶಿಕ್ಷೆಯಾಗದವನು ತನ್ನ ಮೇಲಿನ ಆಪಾದನೆಗೆ ಆಗಬಹುದಾದ ಹೆಚ್ಚಿನ ಶಿಕ್ಷೆಯ ಮೂರರಲ್ಲಿ ಒಂದು ಪಾಲನ್ನು ವಿಚಾರಣೆಗೆ ಮುಂಚೆಯೇ ಸೆರೆಯಲ್ಲಿ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡತಕ್ಕದ್ದು. ಇತರರಿಗೆ ಅರ್ಧ ಪಾಲು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಆಪಾದನೆಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿರುವವರಿಗೂ ಇದು ಸಲ್ಲದು. ಸೆರೆಯಲ್ಲಿರುವವನಿಗೆ ವಕೀಲನನ್ನಿಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಹಣ ತಕ್ಕೊಳ್ಳದೆ ವಕೀಲನನ್ನು ಕೊಡುತ್ತದೆ. ಇದರ ಕಚೇರಿಯು ಜಿಲ್ಲಾ ನ್ಯಾಯಾಲಯದಲ್ಲಿಯೇ ಇರುತ್ತದೆ. ಇದನ್ನು ತಿಳಿಯದ ಕಾರಣ ಎಷ್ಟೋ ಮಂದಿಯ ಹೆಂಡತಿಯರು ಒಡವೆಯನ್ನೂ ಹೊಲವನ್ನೂ ಮಾರುತ್ತಾರೆ.

೬. ನಾವು ಮಾಡತಕ್ಕದ್ದು

ಸೆರೆಮನೆಗಳನ್ನು ಕಟ್ಟುವದೂ ಕಾಯಿದೆಗಳನ್ನು ಮಾಡುವದೂ ನಮ್ಮ ಕೈಯಲ್ಲಿಲ್ಲ. ಆದರೆ ಮೂರು ಕೆಲಸಗಳು ಎಷ್ಟು ಚಿಕ್ಕ ಊರಿನವರ ಕೈಯಲ್ಲಿಯೂ ಇವೆ.

ಮೊದಲನೆಯದು, ಒಳಗಿರುವವನನ್ನು ಮರೆಯದಿರುವದು. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಸೆರೆಯವರನ್ನು ನೋಡಹೋಗುವದು ಹಸಿದವರಿಗೆ ಅನ್ನ ಕೊಡುವದರ ಸಾಲಿನಲ್ಲಿಯೇ ಎಣಿಸಲ್ಪಟ್ಟಿದೆ. ಸೆರೆಯವನು ನಿರಪರಾಧಿಯಾಗಿದ್ದರೆ ಮಾತ್ರ ಎಂಬ ಷರತ್ತು ಅಲ್ಲಿ ಇಲ್ಲ. ಒಂದು ಮಿಡತೆಯನ್ನು ಸಂಗಾತಿಯೆಂದು ಎಣಿಸಿದ ಆ ಕೈದಿಯನ್ನು ನೆನಸಿರಿ. ಊರಿನ ಮಳೆಬೆಳೆಯ ಸುದ್ದಿಯನ್ನು ಬರೆದ ಒಂದು ಕಾಗದವು ಅಂಥವನಿಗೆ ಎಷ್ಟು ದೊಡ್ಡದು!

ಎರಡನೆಯದು, ಅವನ ಮನೆಯವರನ್ನು ಕಾಪಾಡುವದು. ಶಿಕ್ಷೆಯನ್ನು ನ್ಯಾಯಾಧಿಪತಿಯು ಒಬ್ಬನಿಗೆ ವಿಧಿಸುತ್ತಾನೆ, ಉಣ್ಣುವವರು ಐವರು. ಹೆಂಡತಿಗೆ ಕೂಲಿ ಸಿಕ್ಕದು. ಮಕ್ಕಳನ್ನು ಶಾಲೆಯಲ್ಲಿ ಕಳ್ಳನ ಮಕ್ಕಳೆಂದು ಕರೆಯುತ್ತಾರೆ. ಆ ಮಕ್ಕಳು ಏನು ಕದ್ದರು? ಹಾಗೆಯೇ ಅವನಿಂದ ನಷ್ಟಪಟ್ಟವರ ಮನೆಗೂ ಹೋಗತಕ್ಕದ್ದು. ಒಂದು ಮನೆಗೆ ಹೋಗಿ ಮತ್ತೊಂದನ್ನು ಬಿಟ್ಟರೆ ನಮ್ಮ ದಯೆಯು ಕುಂಟಾಗುವದು.

ಮೂರನೆಯದು ಎಲ್ಲದಕ್ಕಿಂತ ಕಷ್ಟವಾದದ್ದು: ತಿರಿಗಿ ಬಂದವನಿಗೆ ಸ್ಥಳವನ್ನು ಕೊಡುವದು. ಪೌಲನು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರಿಕೆಯು ಇಂಥಾ ಸಂಗತಿಯನ್ನು ಕುರಿತದ್ದೇ. ಬರೆದವನು ತಾನೇ ಸೆರೆಯವನು. ಓಡಿಹೋಗಿ ತಿರಿಗಿ ಬರುತ್ತಿರುವ ಒನೇಸಿಮನನ್ನು ಸೇರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತಾ, ಅವನಿಂದಾದ ನಷ್ಟವಿದ್ದರೆ ತಾನು ತೀರಿಸುವೆನೆಂದು ಹೊಣೆಯಾಗುತ್ತಾನೆ. ನಷ್ಟವನ್ನು ಇಲ್ಲವೆಂದು ಹೇಳುವದಿಲ್ಲ, ಮನುಷ್ಯನನ್ನೂ ಬಿಟ್ಟುಕೊಡುವದಿಲ್ಲ. ನಾವೋ, ಜೈಲಿನಿಂದ ಬಂದವನಿಗೆ ಕೂಲಿಕೆಲಸ ಕೊಡುವದಿಲ್ಲ, ಜಗಲಿಯ ಮೇಲೆ ಕೂಡ್ರಿಸುವದಿಲ್ಲ, ಸಭೆಯಲ್ಲಿ ಅವನು ಕೂತ ಸಾಲಿನಿಂದ ಒಬ್ಬೊಬ್ಬರಾಗಿ ಏಳುತ್ತೇವೆ. ಆಗ ಅವನನ್ನು ಕೈಬೀಸಿ ಕರೆಯುವವರು ಯಾರು? ಒಳಗೆ ಗೆಳೆಯರಾದವರೇ. ಅವನು ಎರಡನೆಯ ಸಾರಿ ಸಿಕ್ಕಿಬಿದ್ದಾಗ, ನಾವು ಹೇಳಲಿಲ್ಲವೇ, ಅನ್ನುತ್ತೇವೆ. ಹೇಳಿದ್ದು ನಿಜ, ಅವನನ್ನು ಅಲ್ಲಿಗೆ ಕಳುಹಿಸಿದ ದಾರಿಯಲ್ಲಿ ನಮ್ಮ ಬಾಗಿಲೂ ಒಂದಾಗಿತ್ತೆಂಬದೂ ನಿಜ.

ಫಿಲಡೆಲ್ಫಿಯದ ಭಕ್ತರು ಕಲ್ಲಿನಿಂದ ಕಟ್ಟಿದ ಒಂಟಿ ಕೋಣೆಯನ್ನು ಅವರ ಮೊಮ್ಮಕ್ಕಳ ಕಾಲದವರು ತೆರೆದುಬಿಟ್ಟರು. ಆದರೆ ಊರ ನಡುವೆಯೇ, ಕಲ್ಲೂ ಗಾರೆಯೂ ಇಲ್ಲದೆ, ಮಾತಾಡದ ಬಾಯಿಗಳಿಂದಲೂ ತಿರುಗಿಸಿದ ಮುಖಗಳಿಂದಲೂ ಅಂಥಾ ಕೋಣೆಯನ್ನು ಕಟ್ಟಬಹುದು. ಅದರ ಬೀಗದಕೈ ಸರಕಾರದ ಬಳಿಯಲ್ಲಿಲ್ಲ, ನಮ್ಮ ಬಳಿಯಲ್ಲಿದೆ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ಲಂಡನಿನಲ್ಲಿ ೧೭೫೦ರಲ್ಲಿ ನಡೆದ ಸಂಗತಿಯಿಂದ ನಾವೇನು ಕಲಿಯುತ್ತೇವೆ?

೨. ಫಿಲಡೆಲ್ಫಿಯದವರ ಉದ್ದೇಶವು ಒಳ್ಳೇದಾಗಿದ್ದರೂ ಫಲವು ಯಾಕೆ ಕೆಟ್ಟಿತು?

೩. ಫ್ರೈ ಅಮ್ಮನವರೂ ಮಕೋನಕಿಯೂ ಮಾಡಿದ ಕೆಲಸಗಳಲ್ಲಿ ಯಾವ ಒಂದು ಗುಣವು ಸಮಾನವಾಗಿದೆ?

೪. ವಿಚಾರಣಾಧೀನ ಕೈದಿಗೂ ಶಿಕ್ಷೆಯಾದ ಕೈದಿಗೂ ಇರುವ ಭೇದವೇನು? ಹಣವಿಲ್ಲದ ಕೈದಿಗೆ ವಕೀಲನು ಸಿಕ್ಕುವದು ಹೇಗೆ?

೫. ನಮ್ಮ ಊರಿಗೆ ಸೆರೆಯಿಂದ ಒಬ್ಬನು ನಾಳೆ ತಿರಿಗಿ ಬಂದರೆ ಮೊದಲು ಅವನಿಗೆ ಕೆಲಸ ಕೊಡುವವರು ನಮ್ಮಲ್ಲಿ ಯಾರು?